ಕೋಡ್ ಓಡ್ತಿಲ್ಲ, ಉತ್ತರವೂ ಬರ್ತಿಲ್ಲ

ಪ್ರಶ್ನೆ: ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಆನ್‌ಲೈನ್‌ನಲ್ಲಿ ‘ಅರ್ಜೆಂಟ್, ಕೋಡ್ ಓಡ್ತಿಲ್ಲ’ ಎಂದು ಕೇಳಿದರೆ ಯಾರೂ ತಿರುಗಿಯೂ ನೋಡುವುದಿಲ್ಲ. ಹೊಸಬರೆಂದರೆ ಅಸಡ್ಡೆಯೇ?

ಉತ್ತರ: ಅಸಡ್ಡೆ ಅಲ್ಲ ಮಾರಾಯ್ರೆ, ಡಾಕ್ಟರ ಹತ್ತಿರ ಹೋಗಿ ‘ಹುಷಾರಿಲ್ಲ’ ಅಂತಷ್ಟೇ ಹೇಳಿ ಸುಮ್ನೆ ಕೂತರೆ ಅವರಾದರೂ ಯಾವ ಮಾತ್ರೆ ಬರೆಯುತ್ತಾರೆ? ಕಂಪ್ಯೂಟರ್ ತೋರಿಸುವ ಎರರ್ ಸಾಲನ್ನು ಒಂದಕ್ಷರ ಬಿಡದೆ ಹಾಕಿ. ಅದೂ ಮೊಬೈಲಿನಲ್ಲಿ ಫೋಟೊ ಹೊಡೆದಲ್ಲ, ಕಾಪಿ ಮಾಡಿ. ಫೋಟೊದಲ್ಲಿರುವ ಕೋಡನ್ನು ಯಾರು ಕೂತು ಟೈಪ್ ಮಾಡುತ್ತಾರೆ? 300 ಸಾಲನ್ನೂ ಸುರಿಯಬೇಡಿ, ಅದೇ ತಪ್ಪು ಮತ್ತೆ ಕಾಣುವಷ್ಟು ಸಾಲು ಸಾಕು. ಹಾಗೆ ಕತ್ತರಿಸುತ್ತಾ ಹೋದಾಗ, 5 ಹೆಸರಿರುವ ಲಿಸ್ಟ್‌ನಲ್ಲಿ ಇಂಡೆಕ್ಸ್ (ಸ್ಥಾನದ ಸಂಖ್ಯೆ) 5 ಕೇಳಿದ್ದೇ ತಪ್ಪು, ಎಣಿಕೆ 0ಯಿಂದ ಶುರುವಾಗಿ 4ಕ್ಕೇ ಮುಗಿಯುತ್ತದೆ ಅಂತ ಎಷ್ಟೋ ಸಲ ನಿಮಗೇ ಹೊಳೆದುಬಿಡುತ್ತದೆ. ‘ಅರ್ಜೆಂಟ್’ ಮಾತ್ರ ಬಿಡಿ. ಉತ್ತರ ಕೊಡುವವರಿಗೇನು ಸಂಬಳ ಇಲ್ಲ, ಅಲ್ವಾ?