ಮೆಡಿಕಲ್ ರೆಪ್ ಕೆಲಸ ಬಿಟ್ಟು ಏರಿಯಾ ಮ್ಯಾನೇಜರ್ ಆಗಬೇಕೇ?

ನಿಮ್ಮ ಪ್ರಶ್ನೆಯ ಸಾರಾಂಶ ಇಷ್ಟು: ಹುಬ್ಬಳ್ಳಿಯಲ್ಲಿ ಎಂಟು ವರ್ಷಗಳಿಂದ ಒಂದು ಔಷಧ ಕಂಪನಿಯ ಮೆಡಿಕಲ್ ರೆಪ್ ಆಗಿದ್ದೀರಿ, ಟಾರ್ಗೆಟ್ ತಪ್ಪಿದ್ದು ಅಪರೂಪ, ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೇರಿದ ಏರಿಯಾಕ್ಕೆ ಮ್ಯಾನೇಜರ್ ಆಗಿ ಎಂದು ಕಂಪನಿ ಕೇಳುತ್ತಿದೆ. ಒಪ್ಪಿದರೆ ಇನ್ಸೆಂಟಿವ್ ಕೈತಪ್ಪುವ ಭಯ, ಒಪ್ಪದಿದ್ದರೆ ಮತ್ತೆ ಯಾರೂ ಕರೆಯಲಾರರೆಂಬ ಭಯ. ನಾನೂ ಈ ಭಾಗದಲ್ಲಿ ಬ್ಯಾಗು ಹೊತ್ತು ತಿರುಗಿ, ಆಮೇಲೆ ಏರಿಯಾ ಮ್ಯಾನೇಜರ್ ಆಗಿ, ಈಗ ಆ ಹುದ್ದೆಗೆ ಜನರನ್ನು ಆರಿಸುವ ಸಂದರ್ಶನಗಳಲ್ಲಿ ಕೂರುತ್ತೇನೆ. ಸಂದರ್ಶನಕ್ಕೆ ಬರುವವರಲ್ಲಿ ಹೆಚ್ಚಿನವರು ಸಂಬಳದ ಬಗ್ಗೆ ಕೇಳುತ್ತಾರೆ. ದಿನವಿಡೀ ಮಾಡಬೇಕಾದ ಕೆಲಸ ಏನೆಂದು ಕೇಳುವವರು ಕಡಿಮೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಚೆನ್ನಾಗಿ ಮಾರಿದವನಿಗೆ ಕೊಡುವ ಬಡ್ತಿಯಾದರೂ, ಈ ಹುದ್ದೆಯಲ್ಲಿ ಸ್ವತಃ ಮಾರುವ ಕೆಲಸವೇ ಇರುವುದಿಲ್ಲ. ತಿಂಗಳ ಬಹುಪಾಲು ದಿನಗಳು ಜಾಯಿಂಟ್ ವರ್ಕ್‌ನಲ್ಲಿ, ಅಂದರೆ ಇನ್ನೊಬ್ಬ ರೆಪ್ ಜೊತೆಗೆ ಅವನ ಡಾಕ್ಟರುಗಳನ್ನು ಕಾಣುವುದರಲ್ಲಿ ಕಳೆಯುತ್ತವೆ. ಗದಗದ ಒಂದು ನರ್ಸಿಂಗ್ ಹೋಮ್‌ನಲ್ಲಿ, ಮಧ್ಯಾಹ್ನದ ಒಪಿಡಿ ಮುಗಿಯುವ ಹೊತ್ತಿಗೆ ನಡೆದದ್ದನ್ನು ಹೇಳುತ್ತೇನೆ. ಹೊಸದಾಗಿ ಸೇರಿದ್ದ ಹುಡುಗ ಸಕ್ಕರೆ ಕಾಯಿಲೆಯ ಸಿಟಾಗ್ಲಿಪ್ಟಿನ್ ಮಾತ್ರೆಯ ಬಗ್ಗೆ ವಿವರಿಸುತ್ತಿದ್ದಾಗ, ಮೂತ್ರಪಿಂಡ ದುರ್ಬಲವಾಗಿರುವವರಿಗೆ ಡೋಸ್ ಎಷ್ಟು ಇಳಿಸಬೇಕು ಎಂದು ಡಾಕ್ಟರ್ ಕೇಳಿದರು. ಹುಡುಗ ಡಾಕ್ಟರಿಗೆ ತೋರಿಸುವ ಮಾಹಿತಿ ಪುಸ್ತಕವಾದ ವಿಷುಯಲ್ ಏಡ್‌ನ ಪುಟ ತಿರುವತೊಡಗಿದ. ಪಕ್ಕದಲ್ಲಿದ್ದ ಮ್ಯಾನೇಜರ್, ರೆಪ್ ಆಗಿದ್ದಾಗ ಬಹುಮಾನಗಳನ್ನು ಗೆದ್ದವರು, ತಡೆದುಕೊಳ್ಳಲಾಗದೆ 100 ಮಿಲಿಗ್ರಾಂ ಯಾವಾಗ 50 ಆಗಬೇಕು, ಯಾವಾಗ 25 ಆಗಬೇಕು ಎಂಬುದನ್ನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದರು. ಡಾಕ್ಟರ್ ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿಕೊಂಡರು. ಆ ಭೇಟಿಯಿಂದ ಆರ್ಡರ್ ಬಂತು ನಿಜ. ಆದರೆ ಮುಂದಿನ ಸಲ ಹುಡುಗ ಒಬ್ಬನೇ ಹೋದಾಗ ಡಾಕ್ಟರ್ ಕೇಳಿದ್ದು, ‘ನಿಮ್ಮ ಮ್ಯಾನೇಜರ್ ಯಾವಾಗ ಬರ್ತಾರ?’ ಎಂದು. ಸರಿಯಾದ ಮಾತನ್ನೇ ಆಡಿ ಆ ಮ್ಯಾನೇಜರ್ ಹುಡುಗನ ಸ್ಥಾನ ಕೆಡಿಸಿದ್ದರು. ಆ ಕ್ಷಣದಲ್ಲಿ ಅವರು ಮಾಡಬೇಕಿದ್ದುದು, ಹುಡುಗ ಪುಟ ಹುಡುಕಿ ಉತ್ತರಿಸುವವರೆಗೆ ಸುಮ್ಮನೆ ಕೂತು, ಹೊರಗೆ ಬಂದ ಮೇಲೆ ಪಾರ್ಕಿಂಗಿನಲ್ಲಿ ಬೈಕಿನ ಬಳಿ ನಿಂತು ಅದೇ ಪ್ರಶ್ನೆಯನ್ನು ಅವನಿಗೆ ಮತ್ತೆ ಕೇಳುವುದು.

ನಿಮ್ಮ ನಿರ್ಧಾರ ಮುಖ್ಯವಾಗಿ ಈ ಒಂದು ವಿಷಯದ ಮೇಲೆ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ನಿಮಗೆ ಚೆನ್ನಾಗಿ ಬರುವ ಕೆಲಸವನ್ನು ಇನ್ನೊಬ್ಬ ನಿಮ್ಮ ಕಣ್ಣೆದುರಿಗೇ ಅರೆಬರೆ ಮಾಡುತ್ತಿರುವಾಗ ಕೈಹಾಕದೆ ಇರುವುದು, ಮತ್ತು ಆರು ತಿಂಗಳ ಮೇಲೆ ಅವನು ಅದನ್ನೇ ಸರಿಯಾಗಿ ಮಾಡಿದಾಗ ಆ ಹೆಸರು ಅವನಿಗೇ ಹೋಗುವುದನ್ನು ಸಂತೋಷದಿಂದ ನೋಡುವುದು ನಿಮ್ಮಿಂದ ಸಾಧ್ಯವೇ? ಇದನ್ನು ಮನಸ್ಸಿನಲ್ಲೇ ತೂಗಿ ನೋಡಿದರೆ ಉತ್ತರ ಸಿಗುವುದಿಲ್ಲ. ಈಗಿರುವ ಮ್ಯಾನೇಜರರ ಅನುಮತಿ ಪಡೆದು, ಹೊಸ ರೆಪ್ ಒಬ್ಬನ ಜೊತೆ ಒಂದು ವಾರ ನಡೆಯಿರಿ. ಸಂಜೆ ಮನೆಗೆ ಬಂದಾಗ ಅವನ ಬಗ್ಗೆ ಹೇಳಲು ಮಾತುಗಳಿದ್ದರೆ ಒಂದು ಅರ್ಥ, ‘ನಾನೇ ಮಾತಾಡಿದ್ದರೆ ಆ ಡಾಕ್ಟರ್ ಒಪ್ಪುತ್ತಿದ್ದರು’ ಎಂಬ ಚಡಪಡಿಕೆಯೊಂದೇ ಉಳಿದಿದ್ದರೆ ಇನ್ನೊಂದು ಅರ್ಥ.

ಇನ್ನು ಹಣ. ಸಂಬಳ ಏರುತ್ತದೆ, ಆದರೆ ಇನ್ಸೆಂಟಿವ್‌ನ ಲೆಕ್ಕ ಬೇರೆಯಾಗುತ್ತದೆ. ಈಗ ಅದು ನಿಮ್ಮ ಒಂದು ಹೆಡ್‌ಕ್ವಾರ್ಟರಿನ (ಒಬ್ಬ ರೆಪ್ ನೋಡಿಕೊಳ್ಳುವ ಊರು ಮತ್ತು ಸುತ್ತಲಿನ ಪ್ರದೇಶ) ಮಾರಾಟಕ್ಕೆ ಕಟ್ಟಿದ್ದು. ಆಮೇಲೆ ಇಡೀ ಏರಿಯಾದ ಮೊತ್ತಕ್ಕೆ. ಉದಾಹರಣೆಗೆ, ನಾಲ್ಕು ಹೆಡ್‌ಕ್ವಾರ್ಟರುಗಳಿಗೆ ತಿಂಗಳಿಗೆ ತಲಾ 6 ಲಕ್ಷ ರೂಪಾಯಿ ಟಾರ್ಗೆಟ್ ಇದ್ದು, ಮೂವರು ನೂರಕ್ಕೆ ನೂರು ಮಾಡಿ, ರೆಪ್ ಕೆಲಸ ಬಿಟ್ಟು ಹೋಗಿರುವ ನಾಲ್ಕನೆಯ ಊರಿನಿಂದ ಎರಡೂವರೆ ಲಕ್ಷ ಮಾತ್ರ ಬಂದರೆ, ಒಟ್ಟು 24 ಲಕ್ಷಕ್ಕೆ 20.5 ಲಕ್ಷವಾಗುತ್ತದೆ, ಅಂದರೆ ಸುಮಾರು ಶೇ 85. ಕಂಪನಿಯ ನಿಯಮದಲ್ಲಿ ಶೇ 95ರ ಕೆಳಗೆ ಇನ್ಸೆಂಟಿವ್ ಇಲ್ಲವೆಂದಿದ್ದರೆ, ನಿಮ್ಮ ಮೂವರು ಹುಡುಗರಿಗೆ ಹಣ ಬರುತ್ತದೆ, ನಿಮಗೆ ಬರುವುದಿಲ್ಲ. ಖಾಲಿ ಇರುವ ಹೆಡ್‌ಕ್ವಾರ್ಟರಿನ ಟಾರ್ಗೆಟ್ ಖಾಲಿಯಾಗುವುದಿಲ್ಲ. ಅದನ್ನು ಮ್ಯಾನೇಜರೇ ಹೊರಬೇಕು. ಹೀಗಾಗಿ ಇನ್ಸೆಂಟಿವ್ ನಿಯಮಾವಳಿಯನ್ನು ಬಾಯಿಮಾತಿನಲ್ಲಿ ಕೇಳಿ ತಲೆಯಾಡಿಸದೆ, ಕಾಗದದಲ್ಲಿ ಪಡೆದು, ಅದರ ಮೇಲೆ ಈ ಏರಿಯಾದ ಕಳೆದ 12 ತಿಂಗಳ ಅಂಕಿಗಳನ್ನು ಇಟ್ಟು ನೋಡಿ.

ಆ ಅಂಕಿಗಳನ್ನು ನೋಡುವಾಗ ಪ್ರೈಮರಿಯನ್ನು ಮಾತ್ರ ನೋಡಬೇಡಿ. ಕಂಪನಿ ಸ್ಟಾಕಿಸ್ಟಿಗೆ, ಅಂದರೆ ಸಗಟು ವ್ಯಾಪಾರಿಗೆ, ಬಿಲ್ ಮಾಡಿದ್ದು ಪ್ರೈಮರಿ, ಸ್ಟಾಕಿಸ್ಟಿನಿಂದ ಔಷಧ ಅಂಗಡಿಗೆ ಹೋದದ್ದು ಸೆಕೆಂಡರಿ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ತಿಂಗಳ ಕೊನೆಯ ಎರಡು ದಿನಗಳಲ್ಲಿ, ಟಾರ್ಗೆಟ್ ಮುಟ್ಟಲು ಸ್ಟಾಕಿಸ್ಟಿಗೆ ಬೇಕಾದ್ದಕ್ಕಿಂತ ಹೆಚ್ಚು ಮಾಲು ಹೇಗೆ ತುಂಬಿಸುತ್ತಾರೆ ಎಂಬುದೂ ನಿಮಗೆ ಗೊತ್ತು. ಹಿಂದಿನ ಮ್ಯಾನೇಜರ್ ಕ್ಲೋಸಿಂಗ್‌ಗಾಗಿ ಮಾಲು ತುಂಬಿಸಿದ್ದರೆ, ಅವರ ಹೆಸರಿನಲ್ಲಿ ಮಾರಾಟ ದಾಖಲಾಗಿರುತ್ತದೆ, ಅದೇ ಮಾಲು ಎಕ್ಸ್‌ಪೈರಿಯಾಗಿ ವಾಪಸ್ಸು ಬಂದಾಗ ನಿಮ್ಮ ಹೆಸರಿನಿಂದ ಕಳೆಯಲಾಗುತ್ತದೆ. ಪ್ರತಿ ಸ್ಟಾಕಿಸ್ಟಿನ ಕ್ಲೋಸಿಂಗ್ ಸ್ಟಾಕ್ (ತಿಂಗಳ ಕೊನೆಗೆ ಉಳಿದ ಮಾಲು) ಎಷ್ಟು, ಕಂಪನಿ ಕೊಡಬೇಕಾದ ಬಾಕಿ ಕ್ಲೇಮುಗಳು ಎಷ್ಟು, ಎಕ್ಸ್‌ಪೈರಿ ಎಷ್ಟು ಬಂದಿದೆ ಎಂದು ಕೇಳಿ. ಕೇಳುವುದು ಅಹಂಕಾರವಲ್ಲ; ಸಂದರ್ಶನದಲ್ಲಿ ಈ ಪ್ರಶ್ನೆ ಕೇಳಿದ ಅಭ್ಯರ್ಥಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಹುಬ್ಬಳ್ಳಿಯ ಸ್ಥಿತಿ ನಿಮಗೆ ಗೊತ್ತಿರುವುದರಿಂದ ವಿಜಯಪುರದಿಂದ ಆರಂಭಿಸಿ. ಅಲ್ಲಿನ ನಾಲ್ಕಾರು ಮೆಡಿಕಲ್ ಶಾಪ್‌ಗಳ ಕೌಂಟರಿನಲ್ಲಿ ನಿಂತು, ನಿಮ್ಮ ಕಂಪನಿಯ ಯಾವ ಬ್ರ್ಯಾಂಡ್ ನಿಜಕ್ಕೂ ಚೀಟಿಯಲ್ಲಿ ಬರುತ್ತಿದೆ ಎಂದು ವಿಚಾರಿಸಿದರೆ ಅರ್ಧ ದಿನದಲ್ಲಿ ನಿಜ ತಿಳಿಯುತ್ತದೆ. ಆ ಊರಿನಲ್ಲಿ ರೆಪ್‌ಗಳು ಮೇಲಿಂದ ಮೇಲೆ ಬಿಟ್ಟು ಹೋಗುತ್ತಿದ್ದರೆ ಕಾರಣವನ್ನು ಆಫೀಸಿನಲ್ಲಿ ಕೇಳುವುದಕ್ಕಿಂತ ಬಿಟ್ಟು ಹೋದವರನ್ನೇ ಕೇಳುವುದು ಒಳ್ಳೆಯದು.

ಹೆಚ್ಚಿನವರು ಗಮನಿಸದ ಕಾನೂನಿನ ಸಂಗತಿಯೊಂದಿದೆ. ಮೆಡಿಕಲ್ ರೆಪ್‌ಗಳಿಗೆ 1976ರ ಮಾರಾಟ ಉತ್ತೇಜನ ನೌಕರರ ಕಾಯ್ದೆಯಿಂದ ರಜೆ, ನೇಮಕಾತಿ ಪತ್ರ, ಕಾರ್ಮಿಕ ವಿವಾದ ಹೂಡುವ ಹಕ್ಕು ಇತ್ಯಾದಿ ರಕ್ಷಣೆಗಳು ಸಿಕ್ಕಿದ್ದವು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ಮಾರಾಟ ಉತ್ತೇಜನ ನೌಕರರನ್ನು ಕಾರ್ಮಿಕರೆಂದು ಪರಿಗಣಿಸಲಾಗಿದೆ. ಆದರೆ ಮುಖ್ಯವಾಗಿ ವ್ಯವಸ್ಥಾಪಕ ಸ್ವರೂಪದ ಕೆಲಸ ಮಾಡುವವರು, ಹಾಗೂ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು ಈ ವ್ಯಾಖ್ಯೆಯಿಂದ ಹೊರಗುಳಿಯುತ್ತಾರೆ. ಕಾರ್ಡಿನಲ್ಲಿ ಅಚ್ಚಾದ ಪದನಾಮಕ್ಕಿಂತ ವಾಸ್ತವವಾಗಿ ಮಾಡುವ ಕೆಲಸವೇ ಇಲ್ಲಿ ಮುಖ್ಯವಾದರೂ, ಏರಿಯಾ ಮ್ಯಾನೇಜರ್ ಆದ ಮೇಲೆ ಕೆಲಸಕ್ಕೆ ಕುತ್ತು ಬಂದರೆ ರೆಪ್‌ಗೆ ಇರುವಷ್ಟು ಆಸರೆ ನಿಮಗಿರುವುದಿಲ್ಲ ಎಂದು ತಿಳಿದೇ ಸಹಿ ಮಾಡಬೇಕು. ಹೊಸ ಪತ್ರದಲ್ಲಿ ಪ್ರೊಬೇಷನ್ ಎಷ್ಟು ಕಾಲ, ಅದು ಕೈಗೂಡದಿದ್ದರೆ ಹಿಂದಿನ ಹುದ್ದೆಗೆ ಮರಳಬಹುದೇ ಎಂಬುದನ್ನು ಬರೆಯಿಸಿಕೊಳ್ಳಲು ಯತ್ನಿಸಿ. ಹುಬ್ಬಳ್ಳಿಯನ್ನೂ ನೀವೇ ನೋಡಿಕೊಂಡು ಏರಿಯಾವನ್ನೂ ನಡೆಸಿ ಎಂದರೆ ಮಾತ್ರ ಒಪ್ಪಬೇಡಿ; ಒಬ್ಬರ ಸಂಬಳಕ್ಕೆ ಇಬ್ಬರ ಕೆಲಸ ಮಾಡಿಸಿಕೊಳ್ಳುವ ವ್ಯವಸ್ಥೆ ಅದು.

ಮನೆಯ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ: ಮಗಳು ಚಿಕ್ಕವಳು, ಹೆಂಡತಿಯದು ಬ್ಯಾಂಕ್ ಕೆಲಸ. ಈಗ ಧಾರವಾಡ, ಗದಗ ಮಾಡಿಕೊಂಡು ರಾತ್ರಿ ಮನೆ ಸೇರುತ್ತೀರಿ. ವಿಜಯಪುರ ಸುಮಾರು 200 ಕಿಲೋಮೀಟರ್ ದೂರ. ಅಲ್ಲಿ ಜಾಯಿಂಟ್ ವರ್ಕ್ ಎಂದರೆ ಲಾಡ್ಜ್ ವಾಸ. ಟೂರ್ ಪ್ರೋಗ್ರಾಂನ ಒಂದು ಮಾದರಿಯನ್ನು ಮನೆಯವರ ಮುಂದಿಟ್ಟು, ಯಾವ ರಾತ್ರಿಗಳು ಹೊರಗೆ ಎಂಬುದನ್ನು ತೋರಿಸಿಯೇ ಅವರ ಅಭಿಪ್ರಾಯ ಕೇಳಿ.

ನಿಮ್ಮ ಬರಹದಿಂದ ನನಗೆ ಕಂಡದ್ದನ್ನು ನೇರವಾಗಿ ಹೇಳುತ್ತೇನೆ. ತಿಂಗಳುಗಟ್ಟಲೆ ಮುಖ ತಿರುಗಿಸಿದ್ದ ಡಾಕ್ಟರುಗಳನ್ನು ಒಲಿಸಿಕೊಂಡ ಬಗೆಯನ್ನು ನೀವು ಬಹಳ ಪ್ರೀತಿಯಿಂದ ವಿವರಿಸಿದ್ದೀರಿ, ಆದರೆ ನಿಮ್ಮ ಕೈಯಲ್ಲಿ ತರಬೇತಾದ ಯಾವ ಹುಡುಗನ ಪ್ರಸ್ತಾಪವೂ ಅದರಲ್ಲಿಲ್ಲ. ಅದರಿಂದಲೇ ನೀವು ಈ ಹುದ್ದೆಗೆ ತಕ್ಕವರಲ್ಲ ಎಂದು ಹೇಳಲಾರೆ, ಆದರೆ ಈಗಲೇ ಹೌದೆನ್ನಿ ಎಂದೂ ಹೇಳಲಾರೆ. ಬೇಡವೆಂದರೆ ಇನ್ನೆಂದೂ ಕರೆಯುವುದಿಲ್ಲವೆಂಬ ಭಯ ಅರ್ಧ ಮಾತ್ರ ನಿಜ. ಈ ಉದ್ಯಮದಲ್ಲಿ ಮೊದಲ ಹಂತದ ಮ್ಯಾನೇಜರುಗಳು ಬಿಟ್ಟು ಹೋಗುತ್ತಲೇ ಇರುತ್ತಾರೆ, ಜಾಗ ಮತ್ತೆ ಖಾಲಿಯಾಗುತ್ತದೆ. ನಿಜವಾದ ಕಷ್ಟ ಬೇರೆ: ನೀವು ಬಿಟ್ಟ ಕುರ್ಚಿಗೆ ನಿಮಗಿಂತ ಐದಾರು ವರ್ಷ ಚಿಕ್ಕವನೊಬ್ಬ ಬಂದು, ನಿಮ್ಮದೇ ಡಾಕ್ಟರ್ ಎದುರು ನಿಮ್ಮ ಕಾಲ್ (ಡಾಕ್ಟರ್ ಭೇಟಿ) ಹೇಗಿತ್ತೆಂದು ವರದಿ ಬರೆಯಬಹುದು. ಅದನ್ನು ಸಹಿಸುವುದು ಕಷ್ಟವೆನಿಸಿದರೆ, ಅದೊಂದೇ ಕಾರಣಕ್ಕೆ ಮ್ಯಾನೇಜರ್ ಆಗುವ ಬದಲು, ದೊಡ್ಡ ಆಸ್ಪತ್ರೆಗಳ ಖರೀದಿಯನ್ನು ನೋಡಿಕೊಳ್ಳುವ ವಿಭಾಗ ಅಥವಾ ತರಬೇತಿ ವಿಭಾಗದಲ್ಲಿ ಜಾಗವಿದೆಯೇ ಎಂದು ಮೊದಲು ವಿಚಾರಿಸಿ. ಆಸ್ಪತ್ರೆ ವಿಭಾಗದಲ್ಲಂತೂ ಮಾರುವ ಕೆಲಸ ನಿಮ್ಮ ಕೈಯಲ್ಲೇ ಉಳಿಯುತ್ತದೆ.