ಮೊದಲು ಮೀನು ನೋಡು ತಮ್ಮಾ

ನಿನ್ನ ಪತ್ರದಲ್ಲಿ ನಾಲ್ಕು ಪ್ರಶ್ನೆ ಇದ್ದವು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಬಾಡಿಗೆ ಎಷ್ಟು, ಚಳಿ ತಡೆಯಬಹುದಾ, ಊಟಕ್ಕೆ ಏನು, ಕೊನೆಗೆ "ಸೀಲ್ ಮತ್ತು ಮೀನುಗಾರರ ಜಗಳದ ಮೇಲೆ ನನ್ನ ಪ್ರಾಜೆಕ್ಟ್, ಅಲ್ಲಿಯವರು ನನ್ನ ಹತ್ತಿರ ಮಾತಾಡ್ತಾರಾ ಅಣ್ಣ?"

ಬಾಡಿಗೆ ಜಾಸ್ತಿ, ಇಬ್ಬರು ಮೂವರು ಸೇರಿ ಮನೆ ಹಿಡಿಯಿರಿ. ಚಳಿಗಿಂತ ಗಾಳಿಯ ಕಾಟ ದೊಡ್ಡದು, ಕೊಡೆ ತರಬೇಡ. ಇಲ್ಲಿಯ ಮ್ಯಾಕರೆಲ್ ನಮ್ಮ ಬಂಗುಡೆಯ ದೂರದ ನೆಂಟ. ಬ್ಯಾಡಗಿ ಮೆಣಸು ಒಂದಿದ್ದರೆ ಪುಳಿಮುಂಚಿ ಆಗುತ್ತದೆ. ಅಷ್ಟು ಸಾಕು, ಉಳಿದದ್ದು ಬಂದ ಮೇಲೆ.

ಸೀಲ್ ವಿಷಯ ಮಾತ್ರ ಸ್ವಲ್ಪ ಹೇಳಬೇಕು. (ಊರಲ್ಲಿ ನೀರುನಾಯಿ ಅಂದುಕೊಳ್ಳುತ್ತಾರೆ. ಅದು ಬೇರೆ, ಇದು ಬೇರೆ. ಇದು ಕಡಲಲ್ಲಿ ಮೀನು ಹಿಡಿದು ತಿಂದು ದಡದಲ್ಲಿ ಮಲಗುವ ಸಸ್ತನಿ.)

ನಾನು ಬಂದದ್ದು 2009ರ ಸೆಪ್ಟೆಂಬರಿನಲ್ಲಿ, ನಿನ್ನ ಹಾಗೆ ಓದಲಿಕ್ಕೆ. ಮರುವರ್ಷ ಬೇಸಿಗೆಯಲ್ಲಿ ಅಬರ್ಡೀನ್‌ನ ದಕ್ಷಿಣಕ್ಕಿರುವ ಒಂದು ಕರಾವಳಿ ಹಳ್ಳಿಗೆ ಹೋಗುತ್ತಿದ್ದೆ. ಅಲ್ಲಿ ಒಬ್ಬರು ಅಜ್ಜ ದಡದ ಹತ್ತಿರ ಬಲೆ ಕಟ್ಟಿ ಸಾಲ್ಮನ್ ಹಿಡಿಯುತ್ತಿದ್ದರು. ನಾನೂ ಮೀನುಗಾರನ ಮಗ ಅಂದದ್ದೇ ತಡ, ದೋಣಿಗೆ ಹತ್ತಿಸಿಕೊಂಡರು. ಬಲೆಯ ಗಂಟು ಹಾಕಿ ತೋರಿಸಿದೆ. ಮಲ್ಪೆಯವನಿಗೆ ಅದೇನು ಮಹಾ, ಅಲ್ವಾ? ಆದರೂ ಅವರು ಖುಷಿಪಟ್ಟರು.

ಒಂದು ಬೆಳಿಗ್ಗೆ ಬಲೆಯಿಂದ ದೊಡ್ಡದೊಂದು ಸಾಲ್ಮನ್ ಎತ್ತಿದರು. ಹೊಟ್ಟೆ ಭಾಗ ಮಾತ್ರ ಇಲ್ಲ. ತಲೆಯಿಂದ ಬಾಲದವರೆಗೆ ಬೆನ್ನು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಹೆಬ್ಬೆರಳಿನಿಂದ ಹಲ್ಲಿನ ಗುರುತು ಮುಟ್ಟಿ ತೋರಿಸಿದರು.

ನಾನು ಏನು ಹೇಳಿದೆ ಗೊತ್ತಾ? "ಸೀಲ್‌ಗಳು ಮುಖ್ಯವಾಗಿ ತಿನ್ನುವುದು ಸ್ಯಾಂಡ್‌ಈಲ್ ಅನ್ನೋ ಸಣ್ಣ ಮೀನು. ಸಾಲ್ಮನ್ ಪಾಲು ತೀರ ಕಡಿಮೆ."

ಅವರು ಮೀನನ್ನು ಕೆಳಗಿಟ್ಟರು. ಏನೂ ಹೇಳಲಿಲ್ಲ. ಆಮೇಲೆ ನನ್ನನ್ನು ದೋಣಿಗೆ ಕರೆಯಲೂ ಇಲ್ಲ.

ಅಪ್ಪನ ಬಲೆ ಡಾಲ್ಫಿನ್‌ನಿಂದ ಹರಿದ ದಿನ ಪೇಟೆಯವನೊಬ್ಬ ಬಂದು ಶೇಕಡಾ ಲೆಕ್ಕ ಹೇಳಿದ್ದರೆ ಅಪ್ಪ ಏನು ಮಾಡುತ್ತಿದ್ದರು ಅಂತ ನಿನಗೆ ಹೇಳಬೇಕಾಗಿಲ್ಲ.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅದು ಇಡೀ ಸಮುದ್ರದ ಲೆಕ್ಕ, ಅವರ ಬಲೆಯದ್ದಲ್ಲ. ನದಿ ಬಾಯಲ್ಲಿ, ಬಲೆಯ ಬಾಯಲ್ಲಿ ಕಾದು ಕೂರುವುದನ್ನು ಕಲಿತ ಸೀಲ್‌ಗಳು ಕೆಲವೇ. ನಷ್ಟ ಮಾಡುವುದು ಅವೇ. ಈ ತಿಳುವಳಿಕೆಯ ಮೇಲೆ ಇಲ್ಲಿ ಉತ್ತರದ ಮೋರೆ ಫರ್ತ್ ಅನ್ನೋ ಕೊಲ್ಲಿಯಲ್ಲಿ 2005ರಲ್ಲೇ ಒಂದು ಒಪ್ಪಂದ ಆಗಿತ್ತು. ಮೀನುಗಾರರು, ವಿಜ್ಞಾನಿಗಳು, ಸರ್ಕಾರ ಒಟ್ಟಿಗೆ ಕೂತು, ಕಂಡ ಸೀಲ್‌ಗೆಲ್ಲ ಗುಂಡು ಹೊಡೆಯುವುದನ್ನು ಬಿಟ್ಟು ಕಾಟ ಕೊಡುವವನ್ನು ಮಾತ್ರ ಹೊಡೆಯೋಣ ಅಂದರು. ಅಲ್ಲಿ ಹಾರ್ಬರ್ ಸೀಲ್ ಅನ್ನೋ ಜಾತಿಯವು ಕಡಿಮೆಯಾಗುತ್ತಿದ್ದವು. ನಾನು ಅದನ್ನು ಓದಿದ್ದೆ ಕೂಡ. ದೋಣಿಯಲ್ಲಿ ನೆನಪಾಗಲಿಲ್ಲ.

ಸ್ಕಾಟ್ಲೆಂಡಿನ 2010ರ ಕಾನೂನು ಬಂದ ಮೇಲೆ ಸೀಲ್‌ಗೆ ಗುಂಡು ಹೊಡೆಯಲು ಲೈಸೆನ್ಸ್ ಬೇಕಾಯಿತು. 2021ರ ಫೆಬ್ರವರಿಯಿಂದ ಮೀನು ಉಳಿಸಲು ಅಂತ ಲೈಸೆನ್ಸ್ ಕೊಡುವುದೇ ನಿಂತಿತು. ಸಮುದ್ರ ಸಸ್ತನಿಗಳನ್ನು ಕೊಲ್ಲುವ ದೇಶದ ಮೀನು ಬೇಡ ಅಂತ ಅಮೆರಿಕ ನಿಯಮ ಮಾಡಿದ್ದು ಅದಕ್ಕೆ ದೊಡ್ಡ ಕಾರಣ. ನಮ್ಮ ದೇಶದಿಂದ ಹೋಗುವ ಮೀನಿಗೂ ಅದೇ ನಿಯಮ, ಹಾಗಾಗಿ ಮಲ್ಪೆಗೂ ಇದು ದೂರದ ಸುದ್ದಿ ಅಲ್ಲ.

ಅಜ್ಜನ ಬಲೆ ಸೀಲ್‌ನಿಂದ ನಿಲ್ಲಲಿಲ್ಲ. ಸಾಲ್ಮನ್ನೇ ಕಡಿಮೆಯಾಯಿತು ಅಂತ 2016ರಲ್ಲಿ ಸರ್ಕಾರ ಕಡಲಲ್ಲಿ ಅದನ್ನು ಹಿಡಿಯುವುದನ್ನು ನಿಲ್ಲಿಸಿತು. ಆಮೇಲೊಮ್ಮೆ ಆ ದಾರಿಯಲ್ಲಿ ಕಾರಿನಲ್ಲಿ ಹೋದೆ. ಬಲೆ ಒಣಗಿಸುವ ಕಂಬಗಳು ಖಾಲಿ ನಿಂತಿದ್ದವು. ಇಳಿದು ಮಾತಾಡಿಸಬೇಕಿತ್ತು. ಇಳಿಯಲಿಲ್ಲ.

ಮಾತಾಡ್ತಾರಾ ಅಂದರೆ, ಮಾತಾಡುತ್ತಾರೆ. ಸುಮ್ನೆ ಕೂತು ಕೇಳು. ಮೀನು ತೋರಿಸಿದರೆ ಕೈಗೆ ತೆಗೆದುಕೊಂಡು ನೋಡು. ಇನ್ನೊಂದು, ಸೀಲ್ ನೋಡಲು ಅಬರ್ಡೀನ್ ಹತ್ತಿರದ ನ್ಯೂಬರ್ಗ್ ಹಳ್ಳಿಗೆ ಹೋದರೆ ನದಿಯ ಈಚೆ ದಡದಲ್ಲೇ ನಿಲ್ಲು. ಆಚೆ ಮರಳಿನಲ್ಲಿ ಮಲಗಿದವನ್ನು ಎಬ್ಬಿಸಿ ಓಡಿಸಿದರೆ ಕೇಸ್ ಆಗುತ್ತದೆ. ದುರ್ಬೀನು ನನ್ನ ಹತ್ತಿರ ಇದೆ. ಮೆಣಸು ಮಾತ್ರ ಒಂದು ಕಿಲೋ ಜಾಸ್ತಿ ಹಾಕಿಕೊಂಡು ಬಾ.