ಕೈಗೆ ತಾಗಿದ್ದೆಲ್ಲ ಪೆನಾಲ್ಟಿಯೇ?

ಪ್ರಶ್ನೆ: ಫುಟ್‌ಬಾಲ್ ಪಂದ್ಯ ನೋಡಲು ಕುಳಿತಾಗಲೆಲ್ಲ ನಮ್ಮ ಗೆಳೆಯರ ಗುಂಪಿನಲ್ಲಿ ಇದೇ ಜಗಳ. ಪೆನಾಲ್ಟಿ ಆವರಣದಲ್ಲಿ ಚೆಂಡು ಡಿಫೆಂಡರ್‌ನ ಕೈಗೆ ತಾಗಿತೆಂದರೆ ಕೆಲವರು ಪೆನಾಲ್ಟಿ ಕೊಡಲೇಬೇಕು ಎನ್ನುತ್ತಾರೆ, ಉಳಿದವರು ಬೇಕೆಂದು ಮಾಡಿದ್ದಲ್ಲವಲ್ಲ ಎನ್ನುತ್ತಾರೆ. ರಿಪ್ಲೇ ನೋಡಿದ ಮೇಲೆ ಜಗಳ ಇನ್ನೂ ಜೋರಾಗುತ್ತದೆ. ಯಾರ ಮಾತು ಸರಿ?

ಉತ್ತರ: ಎರಡು ಕಡೆಯವರೂ ಅರ್ಧ ನಿಯಮವನ್ನಷ್ಟೇ ಹಿಡಿದುಕೊಂಡಿದ್ದೀರಿ. ಚೆಂಡು ಕೈಗೆ ತಾಗಿದ ಮಾತ್ರಕ್ಕೆ ತಪ್ಪಾಗುವುದಿಲ್ಲ ಎಂದು ಫುಟ್‌ಬಾಲಿನ 12ನೇ ನಿಯಮವೇ ಹೇಳುತ್ತದೆ. ಹಾಗೆಂದು ಉದ್ದೇಶವೊಂದೇ ಮುಖ್ಯವೂ ಅಲ್ಲ. ಆಟಗಾರ ಬೇಕೆಂದೇ ಕೈಯನ್ನು ಚೆಂಡಿನತ್ತ ಒಯ್ದರೆ ತಪ್ಪು. ಒಯ್ಯದಿದ್ದರೂ ಕೈ ಚಾಚಿಕೊಂಡು ದೇಹದ ಅಗಲವನ್ನು ಅಸಹಜವಾಗಿ ಹೆಚ್ಚಿಸಿಕೊಂಡಿದ್ದರೆ ಅದೂ ತಪ್ಪು. ಆ ಗಳಿಗೆಯ ಓಟಕ್ಕೋ ಜಿಗಿತಕ್ಕೋ ಕೈ ಅಲ್ಲಿರಬೇಕಾಗಿತ್ತೇ ಎಂಬುದನ್ನು ರೆಫರಿ ತೀರ್ಮಾನಿಸಬೇಕು. ಹೆಗಲು ಈ ಲೆಕ್ಕಕ್ಕೆ ಬರುವುದಿಲ್ಲ. ಕಂಕುಳಿನ ಕೆಳಮಟ್ಟದಿಂದ ಮುಂದಿನದಷ್ಟೇ ಕೈ.

ಸಣ್ಣ ಲೀಗ್‌ಗಳಲ್ಲಿ ರೆಫರಿಯಾಗಿದ್ದಾಗ ನಾನು ಒಂದು ಅಭ್ಯಾಸ ಬೆಳೆಸಿಕೊಂಡಿದ್ದೆ. ಎದುರಾಳಿ ಚೆಂಡನ್ನು ಒದೆಯಲು ಕಾಲೆತ್ತಿದ ಕೂಡಲೇ ಡಿಫೆಂಡರ್‌ನ ಮೊಣಕೈ ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದೆ. ಚೆಂಡು ಬಂದಾಗ ಆ ಮೊಣಕೈ ಪಕ್ಕೆಗೆ ಅಂಟಿಕೊಂಡಿತೋ, ಹೊರಕ್ಕೆ ತೆರೆದುಕೊಂಡಿತೋ ಎಂಬುದರಲ್ಲಿ ಬಹುಪಾಲು ಉತ್ತರ ಸಿಗುತ್ತದೆ. ನೀವೂ ಹಾಗೆ ನೋಡಿ. ಚೆಂಡನ್ನೇ ಹಿಂಬಾಲಿಸುವ ಕಣ್ಣಿಗೆ ಕೈ ಕಾಣುವುದು ತಾಗಿದ ಮೇಲೆಯೇ.

ಇನ್ನು ರಿಪ್ಲೇ. 2018ರ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. ವಿಡಿಯೊ ಸಹಾಯಕ ರೆಫರಿ, ಅಂದರೆ ವಿಎಆರ್, ಬಂದ ಮೊದಲ ವಿಶ್ವಕಪ್ ಅದು. ಫ್ರಾನ್ಸ್ ಮತ್ತು ಕ್ರೊಯೇಷ್ಯಾ 1–1ರಲ್ಲಿದ್ದಾಗ ಫ್ರಾನ್ಸಿಗೆ ಕಾರ್ನರ್ ಕಿಕ್ ಸಿಕ್ಕಿತು. ಫ್ರಾನ್ಸಿನ ಮಟುಯಿಡಿ ಜಿಗಿದರೂ ಚೆಂಡು ತಲೆಗೆ ಸಿಗಲಿಲ್ಲ. ಅವರ ಬೆನ್ನಿಗೇ ಇದ್ದ ಕ್ರೊಯೇಷ್ಯಾದ ಪೆರಿಸಿಚ್ ಕೈಗೆ ಬಡಿಯಿತು. ರೆಫರಿ ನೆಸ್ಟರ್ ಪಿಟಾನ ಮೊದಲು ಪೆನಾಲ್ಟಿ ಕೊಟ್ಟಿರಲಿಲ್ಲ. ವಿಎಆರ್ ಕರೆದ ಮೇಲೆ ಪರದೆ ನೋಡಿದರು, ಹೊರಟವರು ಮತ್ತೆ ತಿರುಗಿ ಬಂದು ನೋಡಿದರು, ಕೊನೆಗೆ ಪೆನಾಲ್ಟಿ ಕೊಟ್ಟರು. 38ನೇ ನಿಮಿಷದಲ್ಲಿ ಗ್ರೀಝ್‌ಮನ್ ಗೋಲ್ ಹೊಡೆದರು. ಫ್ರಾನ್ಸ್ 4–2ರಿಂದ ಗೆದ್ದಿತು.

ನನ್ನ ಪ್ರಕಾರ ಅದು ಪೆನಾಲ್ಟಿಯಲ್ಲ. ದೇಹದ ಅಗಲ ಹೆಚ್ಚಿಸಿಕೊಳ್ಳುವ ಮಾತು ನಿಯಮಕ್ಕೆ ಸೇರಿದ್ದು 2019ರಲ್ಲಿ. 2018ರಲ್ಲಿ ಕೇಳಬೇಕಾಗಿದ್ದದ್ದು ಉದ್ದೇಶವನ್ನು. ಮಟುಯಿಡಿಯ ದೇಹ ಅಡ್ಡವಾಗಿದ್ದರಿಂದ ಪೆರಿಸಿಚ್‌ಗೆ ಚೆಂಡು ಕಂಡಿದ್ದೇ ಕೊನೆಯ ಗಳಿಗೆಯಲ್ಲಿ. ಮೇಲಾಗಿ, ಮೈದಾನದ ತೀರ್ಪನ್ನು ಬದಲಿಸಬೇಕಾದರೆ ತಪ್ಪು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿರಬೇಕು. ಹಿಂದಿರುಗಿ ನೋಡಬೇಕಾಗಿ ಬಂದದ್ದನ್ನು ಅಷ್ಟು ಸ್ಪಷ್ಟ ಎಂದು ನಾನು ಒಪ್ಪಲಾರೆ. ನಿಧಾನಗತಿಯ ಚಿತ್ರದಲ್ಲಿ ಕೈ ಚೆಂಡಿನತ್ತ ಹೋದಂತೆ ಕಾಣುತ್ತದೆ ನಿಜ. ಆದರೆ ನಿಧಾನಗತಿಯಲ್ಲಿ ಯಾವ ಕೈಯಾದರೂ ಯೋಚಿಸಿ ಚಲಿಸಿದಂತೆಯೇ ಕಾಣುತ್ತದೆ. ಅದಕ್ಕಾಗಿಯೇ ವಿಎಆರ್ ನಿಯಮಾವಳಿ ನಿಧಾನಗತಿಯನ್ನು ಎಲ್ಲಿ ತಾಗಿತು, ಆವರಣದ ಒಳಗೋ ಹೊರಗೋ ಎಂಬಂಥ ಸಂಗತಿಗಳಿಗೆ ಇಟ್ಟಿದೆ. ಹ್ಯಾಂಡ್‌ಬಾಲ್ ತಪ್ಪೋ ಅಲ್ಲವೋ ಎಂಬುದನ್ನು ಸಾಮಾನ್ಯ ವೇಗದಲ್ಲೇ ನೋಡಿ ನಿರ್ಧರಿಸಬೇಕು. ನಿಮ್ಮ ಗುಂಪಿನಲ್ಲೂ ಇದನ್ನು ಪಾಲಿಸಿದರೆ ವಾದಕ್ಕೊಂದು ನೆಲೆ ಸಿಗುತ್ತದೆ.

ಪ್ರಶ್ನೆ: 2025ರ ಮಾರ್ಚ್‌ನ ಚಾಂಪಿಯನ್ಸ್ ಲೀಗ್ ಶೂಟೌಟ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಅಟ್ಲೆಟಿಕೊದ ಹೂಲಿಯನ್ ಆಲ್ವಾರೆಝ್ ಹೊಡೆದ ಚೆಂಡು ಗೋಲಿಗೆ ಹೋದರೂ ರದ್ದಾಯಿತು. ಜಾರಿದ್ದಕ್ಕೂ ಶಿಕ್ಷೆಯೇ?

ಉತ್ತರ: ಆಗಿನ ನಿಯಮದಂತೆ ತೀರ್ಪು ಸರಿಯೇ ಇತ್ತು. ಪೆನಾಲ್ಟಿ ಹೊಡೆದವನು ಬೇರೆಯವರು ಮುಟ್ಟುವ ಮೊದಲು ಚೆಂಡನ್ನು ಮತ್ತೆ ಮುಟ್ಟುವಂತಿಲ್ಲ. ಜಾರಿದ ಆಲ್ವಾರೆಝ್‌ರ ಆಧಾರದ ಕಾಲು ಚೆಂಡಿಗೆ ಸವರಿತ್ತು. ಆದರೆ ನಿಮ್ಮ ಸಂಕಟವೂ ನ್ಯಾಯವಾದದ್ದು, ನಿಯಮ ರೂಪಿಸುವ ಮಂಡಳಿಗೂ ಅದು ಮನವರಿಕೆಯಾಯಿತು. ಅದೇ ಜೂನ್‌ನಲ್ಲಿ ಬಂದ ಸ್ಪಷ್ಟನೆಯ ಪ್ರಕಾರ, ಆಕಸ್ಮಿಕವಾಗಿ ಎರಡು ಸಲ ತಾಗಿದ ಚೆಂಡು ಗೋಲಿಗೆ ಹೋದರೆ ಪೆನಾಲ್ಟಿಯನ್ನು ಮತ್ತೆ ಹೊಡೆಸಬೇಕು.

ಪ್ರಶ್ನೆ: 2010ರ ವಿಶ್ವಕಪ್‌ನಲ್ಲಿ ಉರುಗ್ವೆಯ ಸುವಾರೆಝ್ ಗೋಲ್ ಗೆರೆಯ ಮೇಲೆ ಕೈಯಿಂದ ಚೆಂಡು ತಡೆದರು, ಘಾನಾ ಸೋತಿತು. ಅಂಥ ಕಡೆ ನೇರವಾಗಿ ಗೋಲನ್ನೇ ಕೊಡಬಾರದೇ?

ಉತ್ತರ: ಕೊಡಬೇಕು ಎಂಬುದೇ ನನ್ನ ನಿಲುವು. ಅಂದು ರೆಫರಿ ನಿಯಮದಲ್ಲಿರುವುದನ್ನೆಲ್ಲ ಮಾಡಿದರು: ಕೆಂಪು ಕಾರ್ಡ್, ಪೆನಾಲ್ಟಿ. ಹೆಚ್ಚುವರಿ ಆಟದ ಕೊನೆಯ ಗಳಿಗೆಯಲ್ಲಿ ಘಾನಾದ ಆಸಮೋವಾ ಜ್ಯಾನ್ ಹೊಡೆದ ಚೆಂಡು ಕ್ರಾಸ್‌ಬಾರ್‌ಗೆ ಬಡಿದು ಮೇಲೆ ಹೋಯಿತು, ಶೂಟೌಟ್‌ನಲ್ಲಿ ಉರುಗ್ವೆ ಗೆದ್ದಿತು. ರಗ್ಬಿಯಲ್ಲಿ ಅಕ್ರಮವಾಗಿ ತಡೆಯದಿದ್ದರೆ ಅಂಕ ಬರುವ ಸಾಧ್ಯತೆ ಬಲವಾಗಿದ್ದರೂ ಪೆನಾಲ್ಟಿ ಟ್ರೈ, ಅಂದರೆ ನೇರವಾಗಿ ಅಂಕಗಳನ್ನೇ, ಕೊಡುತ್ತಾರೆ. ರೆಫರಿ ಊಹೆಯ ಮೇಲೆ ಗೋಲ್ ಕೊಟ್ಟಂತಾಗುತ್ತದೆ ಎಂಬ ಆಕ್ಷೇಪ ಫುಟ್‌ಬಾಲಿನಲ್ಲಿದೆ. ದೂರದ ಹೊಡೆತಗಳಿಗೆ ಅದನ್ನು ಒಪ್ಪುತ್ತೇನೆ. ಆದರೆ ಗೋಲ್‌ಕೀಪರ್‌ನನ್ನು ದಾಟಿ ಗೆರೆಗೆ ಬಂದ ಚೆಂಡನ್ನು ಬೇರೊಬ್ಬ ಕೈಯಿಂದ ತಡೆದಾಗ ಊಹಿಸುವುದು ಏನೂ ಉಳಿದಿರುವುದಿಲ್ಲ. ಆ ಒಂದು ಸಂದರ್ಭಕ್ಕಷ್ಟೇ ಗೋಲ್ ಕೊಡುವ ನಿಯಮ ತರಬಹುದು, ತರಬೇಕು.